ಎಲ್ಲ ವಿಧಿಯೇ ಬರೆದಿಟ್ಟಿದ್ದರೆ ಈನಿಯಸ್ ಮಾಡಿದ್ದೇನು?

ಪ್ರಶ್ನೆ: ವರ್ಜಿಲ್‌ನ ‘ಈನೀಡ್’ ಎಂಬ ರೋಮನ್ ಮಹಾಕಾವ್ಯವನ್ನು ಇತ್ತೀಚೆಗೆ ಓದಿ ಮುಗಿಸಿದೆ. ಹೋಮರ್‌ನ ಅಕಿಲೀಸ್, ಒಡಿಸ್ಯೂಸ್ ಇಷ್ಟವಾದ ಹಾಗೆ ಇದರ ನಾಯಕ, ಟ್ರಾಯ್ ಸುಟ್ಟುಹೋದ ಮೇಲೆ ತನ್ನ ಜನರನ್ನು ಇಟಲಿಗೆ ಕರೆದೊಯ್ಯುವ ಈನಿಯಸ್ ಇಷ್ಟವಾಗಲಿಲ್ಲ. ದೇವರು ಹೊರಡು ಅಂದರೆ ಹೊರಡುತ್ತಾನೆ, ಅಷ್ಟೇ. ರೋಮ್ ಹುಟ್ಟೇ ಹುಟ್ಟುತ್ತದೆ ಅಂತ ದೇವರಾಜ ಜುಪಿಟರ್ ಮೊದಲ ಸರ್ಗದಲ್ಲೇ ಹೇಳಿಬಿಟ್ಟ ಮೇಲೆ ಇವನಿಗೆ ಮಾಡಲು ಏನು ಉಳಿಯಿತು? ಪ್ರೀತಿಸಿದ ಕಾರ್ಥೇಜ್ ರಾಣಿ ಡೈಡೊಳನ್ನು ಕೈಬಿಟ್ಟು ಹೋದವನು, ಸೋತು ಬೇಡಿಕೊಂಡ ಇಟಲಿಯ ಎದುರಾಳಿ ಟರ್ನಸ್‌ನನ್ನು ಕೊಂದವನು ವೀರ ಹೇಗಾಗುತ್ತಾನೆ? ರೋಮನ್ನರ ಬೇರೆ ಮಹಾಕಾವ್ಯಗಳೂ ಹೀಗೇನಾ?

ಉತ್ತರ:

ನಿಮ್ಮ ಸಿಟ್ಟು ಬಹುಪಾಲು ಸರಿಯಾಗಿಯೇ ಇದೆ. ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಎಲ್ಲವೂ ಮೊದಲೇ ತೀರ್ಮಾನವಾಗಿದೆ ಅಂತ ನೀವು ಅಂದುಕೊಂಡಿದ್ದೀರಿ. ಕಾವ್ಯ ಹಾಗೆ ಹೇಳುವುದಿಲ್ಲ. ವಿಧಿ ಗೊತ್ತುಮಾಡಿರುವುದು ಕೊನೆಗೆ ಮುಟ್ಟಬೇಕಾದ ಜಾಗವನ್ನು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟು ಜನ ಸಾಯಬೇಕು, ಆ ಬೆಲೆ ಯಾರು ತೆರಬೇಕು ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ವರ್ಜಿಲ್‌ಗೆ ಆಸಕ್ತಿ ಇರುವುದು ಈ ಬರೆದಿಡದ ಭಾಗದಲ್ಲಿ. ಈನಿಯಸ್‌ನ ದೊಡ್ಡತನ, ಸಣ್ಣತನ ಎರಡೂ ಕಾಣುವುದು ಅಲ್ಲೇ.

ಇದು ನನ್ನ ಊಹೆಯಲ್ಲ, ಕಾವ್ಯದಲ್ಲೇ ಸಾಕ್ಷಿ ಇದೆ. ಮೊದಲ ಸರ್ಗದಲ್ಲಿ ಮಗ ಈನಿಯಸ್ ಬಿರುಗಾಳಿಗೆ ಸಿಕ್ಕಿ ಒದ್ದಾಡಿದ್ದನ್ನು ನೋಡಿ ದೇವತೆ ವೀನಸ್ ಕಣ್ಣೀರು ತುಂಬಿಕೊಂಡು ಜುಪಿಟರ್ ಹತ್ತಿರ ಬರುತ್ತಾಳೆ. ಅವನು ಸಮಾಧಾನ ಹೇಳುತ್ತಾನೆ. ಈನಿಯಸ್ ಇಟಲಿಯಲ್ಲಿ ಯುದ್ಧ ಗೆದ್ದು 3 ವರ್ಷ ಆಳುತ್ತಾನೆ, ಮಗ ಅಸ್ಕೇನಿಯಸ್ 30 ವರ್ಷ, ಆಮೇಲೆ ಆಲ್ಬಾ ಲಾಂಗಾದಲ್ಲಿ ಆ ವಂಶ 300 ವರ್ಷ, ಅದಾದ ಮೇಲೆ ರೋಮ್ ಕಟ್ಟುವ ರೊಮ್ಯುಲಸ್. ರೋಮನ್ನರಿಗೆ ಗಡಿಯನ್ನೂ ಇಟ್ಟಿಲ್ಲ, ಗಡುವನ್ನೂ ಇಟ್ಟಿಲ್ಲ, ಕೊನೆಯಿಲ್ಲದ ಆಳ್ವಿಕೆ ಕೊಟ್ಟಿದ್ದೇನೆ ಅನ್ನುತ್ತಾನೆ. ನೀವು ಓದಿದ್ದು ಇದೇ ಭಾಗ. ಇಷ್ಟನ್ನೇ ಹಿಡಿದುಕೊಂಡರೆ ಮುಂದಿನದೆಲ್ಲ ಬರೀ ನಾಟಕ ಅನ್ನಿಸುವುದು ಸಹಜ.

ಈಗ ಏಳನೇ ಸರ್ಗಕ್ಕೆ ಬನ್ನಿ. ಟ್ರಾಯ್ ಜನ ಕೊನೆಗೂ ಟೈಬರ್ ನದಿಯ ದಡ ಮುಟ್ಟಿದ್ದಾರೆ. ಅವರ ಮೇಲೆ ಹಗೆ ಇಟ್ಟಿರುವ, ಜುಪಿಟರ್ ಹೆಂಡತಿ ಜೂನೊ ಮೇಲಿನಿಂದ ನೋಡಿ ಕುದಿಯುತ್ತಾಳೆ. ಅವಳ ಮಾತಿನ ಸಾರ ಇದು: ಇವನಿಗೆ ಇಲ್ಲಿನ ಲ್ಯಾಟಿನರ ರಾಜ್ಯ ಸಿಗದಂತೆ ಮಾಡಲು ನನ್ನಿಂದ ಆಗುವುದಿಲ್ಲ, ಅವರ ರಾಜನ ಮಗಳು ಲವೀನಿಯಾ ಇವನ ಹೆಂಡತಿಯಾಗುವುದೂ ತಪ್ಪುವುದಿಲ್ಲ, ಆದರೆ ಎಳೆದಾಡಿಸಬಹುದು, ತಡಮಾಡಿಸಬಹುದು, ಎರಡೂ ಕಡೆಯ ಜನರನ್ನು ನಾಶಮಾಡಬಹುದು, ಮಾವ ಅಳಿಯ ತಮ್ಮ ತಮ್ಮ ಜನರ ಪ್ರಾಣ ಕೊಟ್ಟು ಒಂದಾಗಲಿ. ಕೊನೆಯ ಐದಾರು ಸರ್ಗಗಳ ರಕ್ತಪಾತವೆಲ್ಲ ಈ ಒಂದು ಮಾತಿನಿಂದ ಹುಟ್ಟುತ್ತದೆ. ವಿಧಿ ಕೇಳಿದ್ದು ಒಂದು ಮದುವೆ, ಒಂದು ಊರು. ಯುದ್ಧ ಬೇಕೆಂದು ಹಟ ಹಿಡಿದವಳು ಜೂನೊ.

ಎಂಟನೇ ಸರ್ಗದಲ್ಲಿ ಇನ್ನೊಂದು ಮಾತು ಬರುತ್ತದೆ. ಓದುವವರು ಸಾಮಾನ್ಯವಾಗಿ ಅದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ವೀನಸ್ ತನ್ನ ಗಂಡ, ದೇವತೆಗಳ ಕಮ್ಮಾರ ವಲ್ಕನ್ ಹತ್ತಿರ ಮಗನಿಗೆ ಆಯುಧ ಮಾಡಿಕೊಡು ಅಂತ ಕೇಳುತ್ತಾಳೆ. ಅವನು ಹೇಳುತ್ತಾನೆ: ಇದನ್ನು ಆಗಲೇ ಕೇಳಿದ್ದರೆ ಟ್ರಾಯ್ ಜನರಿಗೂ ಮಾಡಿಕೊಡಬಹುದಿತ್ತು, ಟ್ರಾಯ್ ಇನ್ನೂ 10 ವರ್ಷ ನಿಲ್ಲುವುದಕ್ಕೆ, ಅದರ ರಾಜ ಪ್ರಿಯಮ್ ಇನ್ನೂ 10 ವರ್ಷ ಬದುಕುವುದಕ್ಕೆ ಜುಪಿಟರ್ ಆಗಲಿ ವಿಧಿಯಾಗಲಿ ಬೇಡ ಅಂದಿರಲಿಲ್ಲ. ಅಂದರೆ 10 ವರ್ಷ ಹೆಚ್ಚುಕಮ್ಮಿ ಆಗಬಹುದಿತ್ತು! ಒಂದು ಇಡೀ ಊರಿನ ಬದುಕಿನ 10 ವರ್ಷ, ಯಾರೂ ಕೇಳಲಿಲ್ಲ ಅನ್ನುವ ಕಾರಣಕ್ಕೆ ಹೋಯಿತು. ಹೆಂಡತಿಯನ್ನು ಒಲಿಸಿಕೊಳ್ಳುವ ಗಂಡನ ಮಾತಿನ ಮಧ್ಯೆ ವರ್ಜಿಲ್ ಇದನ್ನು ಸುಮ್ನೆ ಹೇಳಿಬಿಟ್ಟು ಹೋಗುತ್ತಾನೆ.

ಇನ್ನು ಡೈಡೊಳ ಸಾವು. ನಾಲ್ಕನೇ ಸರ್ಗದ ಕೊನೆಯಲ್ಲಿ ಅವಳು ಚಿತೆಯ ಮೇಲೆ ಕತ್ತಿಗೆ ಬಿದ್ದಿದ್ದಾಳೆ, ಪ್ರಾಣ ಹೋಗುತ್ತಿಲ್ಲ. ಜೂನೊ ಕರುಣೆಯಿಂದ ತನ್ನ ದೂತೆ ಐರಿಸ್‌ಳನ್ನು ಕಳಿಸುತ್ತಾಳೆ. ಪ್ರಾಣ ಯಾಕೆ ಹೋಗುತ್ತಿಲ್ಲ ಅನ್ನುವುದಕ್ಕೆ ಕವಿ ಕಾರಣ ಕೊಡುತ್ತಾನೆ: ಅವಳು ವಿಧಿಯಿಂದ ಸಾಯುತ್ತಿರಲಿಲ್ಲ, ತಕ್ಕ ಸಾವನ್ನೂ ಸಾಯುತ್ತಿರಲಿಲ್ಲ, ಪಾಪ, ದಿನ ತುಂಬುವ ಮೊದಲೇ ಸಾಯುತ್ತಿದ್ದಳು. ಅದಕ್ಕೇ ಪಾತಾಳದ ರಾಣಿ ಪ್ರಾಸರ್ಪೈನಾ ಅವಳ ತಲೆಯಿಂದ ಎಳೆ ಕೂದಲು ಇನ್ನೂ ತೆಗೆದುಕೊಂಡಿರಲಿಲ್ಲ. ಇಡೀ ಕಾವ್ಯದಲ್ಲಿ ಎಲ್ಲರಿಗಿಂತ ಹೆಚ್ಚು ನೋವು ತಿಂದ ಹೆಂಗಸಿನ ಸಾವು ವಿಧಿಯ ಪಟ್ಟಿಯಲ್ಲೇ ಇಲ್ಲ. ರೋಮ್ ಹುಟ್ಟಲು ಅವಳು ಸಾಯಬೇಕಿರಲಿಲ್ಲ. ಹಾಗಾದರೆ ಆ ಸಾವು ಯಾರ ಲೆಕ್ಕಕ್ಕೆ? ವೀನಸ್‌ದು ಸ್ವಲ್ಪ, ಜೂನೊದು ಸ್ವಲ್ಪ, ಡೈಡೊಳದೇ ಸ್ವಲ್ಪ. ಈನಿಯಸ್‌ನದು ಖಂಡಿತ ಇದೆ.

ದೇವರು ಹೇಳಿದರೆ ಈನಿಯಸ್ ಹೂಂ ಅನ್ನಲೇಬೇಕಿತ್ತಾ? ಐದನೇ ಸರ್ಗ ನೋಡಿ. ಟ್ರಾಯ್ ಬಿದ್ದು ಏಳನೇ ಬೇಸಿಗೆ. ಸಿಸಿಲಿಯ ದಡದಲ್ಲಿ ಗಂಡಸರು ಆಟೋಟದಲ್ಲಿ ಮುಳುಗಿದ್ದಾರೆ. ಹೆಂಗಸರು ಸಮುದ್ರ ನೋಡಿ ಸಾಕಾಗಿ ಅಳುತ್ತಿದ್ದಾರೆ. ಜೂನೊ ಕಳಿಸಿದ ಐರಿಸ್ ಮುದುಕಿಯ ವೇಷದಲ್ಲಿ ಬಂದು ಕಿಚ್ಚು ಹಚ್ಚುತ್ತಾಳೆ, ಹಡಗುಗಳಿಗೇ ಬೆಂಕಿ ಬೀಳುತ್ತದೆ. ಮಳೆ ಬಂದು ಉಳಿಯಿತು, ಆದರೂ 4 ಹಡಗು ಹೋದವು. ಆಗ ಈನಿಯಸ್ ಏನು ಯೋಚಿಸುತ್ತಾನೆ ಗೊತ್ತೇ? ವಿಧಿಯನ್ನು ಮರೆತು ಇಲ್ಲೇ ಸಿಸಿಲಿಯಲ್ಲಿ ನೆಲೆ ನಿಂತುಬಿಡಲೇ ಅಂತ. ಕವಿಯೇ ಬಳಸಿದ ಮಾತದು, ‘ವಿಧಿಯನ್ನು ಮರೆತು’. ಮರೆಯುವ ದಾರಿ ಇಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ? ನಾಟೀಸ್ ಅನ್ನುವ ಮುದುಕ ಬುದ್ಧಿ ಹೇಳುತ್ತಾನೆ. ವಿಧಿ ಎಳೆದ ಕಡೆ ಹೋಗೋಣ, ಏನೇ ಬರಲಿ ಸಹಿಸಿಕೊಂಡೇ ಅದನ್ನು ಗೆಲ್ಲಬೇಕು ಅನ್ನುತ್ತಾನೆ. ಸೋತವರನ್ನು, ವಯಸ್ಸಾದವರನ್ನು ಇಲ್ಲೇ ಬಿಟ್ಟು ಹೋಗು ಅಂತಲೂ ಹೇಳುತ್ತಾನೆ. ಈನಿಯಸ್ ಹಾಗೇ ಮಾಡುತ್ತಾನೆ. ಆದರೆ ತಂದೆಯ ಆತ್ಮ ಬಂದು ಅದನ್ನೇ ಹೇಳುವ ತನಕ ಮನಸ್ಸು ಗಟ್ಟಿಯಾಗುವುದಿಲ್ಲ.

ವಿಧಿಯನ್ನು ಮನಸ್ಸು ಕಲಕದೆ ಒಪ್ಪಿಕೊಳ್ಳಬೇಕು ಅನ್ನುವ ಸ್ಟೋಯಿಕ್ ತತ್ವಜ್ಞಾನಿಗಳ ನೆರಳು ಇಲ್ಲಿದೆ. ಒಪ್ಪಿದವನನ್ನು ವಿಧಿ ಕರೆದುಕೊಂಡು ಹೋಗುತ್ತದೆ, ಒಪ್ಪದವನನ್ನು ಎಳೆದುಕೊಂಡು ಹೋಗುತ್ತದೆ ಅಂತ ಅವರಲ್ಲೊಬ್ಬನಾದ ಸೆನೆಕಾ ಮುಂದೆ ಒಂದು ಪತ್ರದಲ್ಲಿ ಬರೆದ. ಹಾಗಂತ ಈನಿಯಸ್‌ನನ್ನು ಸ್ಟೋಯಿಕ್ ಸಂತ ಅಂತ ಓದುವ ವಿದ್ವಾಂಸರ ಜೊತೆ ನಾನು ನಿಲ್ಲುವುದಿಲ್ಲ. ಸಂತನಿಗೆ ಇಷ್ಟು ಅಳು, ಇಷ್ಟು ಸಿಟ್ಟು ಬರಬಾರದು.

ಈಗ ಶೌರ್ಯದ ವಿಷಯ. ಹೋಮರ್‌ನ ಅಕಿಲೀಸ್‌ಗೆ ಎರಡು ದಾರಿ ಗೊತ್ತಿತ್ತು. ಟ್ರಾಯ್‌ನಲ್ಲಿ ಸತ್ತು ಅಳಿಯದ ಹೆಸರು ಪಡೆಯುವುದು, ಇಲ್ಲ ಮನೆಗೆ ಹೋಗಿ ತುಂಬಾ ದಿನ ಬದುಕುವುದು. ಒಡಿಸ್ಯೂಸ್‌ಗೆ ಹೋಗಲು ಮನೆ ಇತ್ತು, ಕಾಯುವ ಹೆಂಡತಿ ಇದ್ದಳು. ಈನಿಯಸ್‌ಗೆ ಎರಡೂ ಇಲ್ಲ. ಊರು ಸುಟ್ಟುಹೋಗಿದೆ. ಚೆನ್ನಾಗಿ ಸಾಯುವ ಹಕ್ಕೂ ಇಲ್ಲ, ಯಾಕೆಂದರೆ ಅವನ ಹಿಂದೆ ಜನ ಇದ್ದಾರೆ. ಮೊದಲ ಸರ್ಗದಲ್ಲಿ ಅವನು ಬಾಯಿ ಬಿಟ್ಟು ಆಡುವ ಮೊದಲ ಮಾತು ನೆನಪಿಸಿಕೊಳ್ಳಿ. ಬಿರುಗಾಳಿಯಲ್ಲಿ ಕೈಕಾಲು ತಣ್ಣಗಾಗಿವೆ. ಎರಡೂ ಕೈ ಮೇಲಕ್ಕೆತ್ತಿ, ಟ್ರಾಯ್ ಗೋಡೆಯ ಕೆಳಗೆ ಅಪ್ಪಂದಿರ ಕಣ್ಣೆದುರು ಸತ್ತವರೇ ಪುಣ್ಯವಂತರು ಅನ್ನುತ್ತಾನೆ. ಒಬ್ಬ ನಾಯಕ ಕಾವ್ಯದೊಳಗೆ ಕಾಲಿಡುವುದೇ ‘ನಾನು ಅಲ್ಲೇ ಸಾಯಬೇಕಿತ್ತು’ ಅಂತ ಗೋಳಾಡುತ್ತಾ!

ಆಮೇಲೆ ನಡೆಯುವುದನ್ನು ನೋಡಿ. 20 ಹಡಗಿನಲ್ಲಿ ಹೊರಟವನಿಗೆ 7 ಮಾತ್ರ ಕಣ್ಣಿಗೆ ಬೀಳುತ್ತಿವೆ. ಆಫ್ರಿಕದ ದಡ ಸೇರಿದ ಮೇಲೆ ಬಂಡೆ ಹತ್ತಿ ಉಳಿದವು ಕಾಣುತ್ತವೇನೋ ಅಂತ ಹುಡುಕುತ್ತಾನೆ. ಹಡಗು ಕಾಣಲಿಲ್ಲ, ಜಿಂಕೆಯ ಹಿಂಡು ಕಂಡಿತು. ಗೆಳೆಯನ ಕೈಯಿಂದ ಬಿಲ್ಲು ತೆಗೆದುಕೊಂಡು 7 ಜಿಂಕೆ ಹೊಡೆಯುತ್ತಾನೆ, ಹಡಗಿಗೆ ಒಂದರಂತೆ. ಮಾಂಸ ಹಂಚಿ, ವೈನ್ ಹಂಚಿ ಧೈರ್ಯ ಹೇಳುತ್ತಾನೆ. ಇದಕ್ಕಿಂತ ಕೆಟ್ಟದ್ದನ್ನು ಕಂಡವರು ನಾವು, ಮುಂದೊಂದು ದಿನ ಇದನ್ನೂ ನೆನೆದು ಖುಷಿಪಡುತ್ತೇವೋ ಏನೋ ಅನ್ನುತ್ತಾನೆ. ಮಾತು ಮುಗಿದ ತಕ್ಷಣ ಕವಿ ಸೇರಿಸುತ್ತಾನೆ: ಚಿಂತೆಯಿಂದ ಸೋತಿದ್ದರೂ ಮುಖದಲ್ಲಿ ಭರವಸೆ ನಟಿಸುತ್ತಾನೆ, ನೋವನ್ನು ಎದೆಯೊಳಗೆ ಒತ್ತಿ ಇಡುತ್ತಾನೆ. ಕತ್ತಿ ಹಿಡಿದು ನುಗ್ಗುವುದಕ್ಕಿಂತ ಇದು ಕಷ್ಟ. ಮನೆಯಲ್ಲಿ ದೊಡ್ಡವರಾದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೇ ಸರ್ಗದಲ್ಲಿ ಅವನು ಕತ್ತಿ ಹಿಡಿದು ನುಗ್ಗಿದ್ದೂ ಇದೆ. ಊರು ಉರಿಯುತ್ತಿದೆ. ಯುದ್ಧದಲ್ಲಿ ಸತ್ತ ಟ್ರಾಯ್ ವೀರ ಹೆಕ್ಟರ್‌ನ ಆತ್ಮ ಕನಸಿನಲ್ಲಿ ಬಂದು, ಓಡು, ಊರಿನ ದೇವರುಗಳನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ ಅಂತ ಸ್ಪಷ್ಟವಾಗಿ ಹೇಳಿದೆ. ಇವನು ಕೇಳುವುದಿಲ್ಲ. ಹುಚ್ಚು ಹಿಡಿದವನ ಹಾಗೆ ಆಯುಧ ಎತ್ತಿಕೊಂಡು ಬೀದಿಗೆ ಇಳಿಯುತ್ತಾನೆ. ಹಳೆಯ ಕಾಲದ ವೀರ ಮಾಡುವುದು ಅದನ್ನೇ. ಪ್ರಿಯಮ್ ಕೊಲೆಯಾಗುವುದನ್ನು ಕಣ್ಣಾರೆ ನೋಡಿದ ಮೇಲೆ ತನ್ನ ಅಪ್ಪ, ಹೆಂಡತಿ, ಮಗು ನೆನಪಾಗುತ್ತಾರೆ.

ಊರು ಬಿಡುವ ದೃಶ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಹೆಗಲ ಮೇಲೆ ಸಿಂಹದ ಚರ್ಮ ಹಾಸಿ ಅಪ್ಪ ಆಂಕೈಸಿಸ್‌ನನ್ನು ಕೂರಿಸಿಕೊಳ್ಳುತ್ತಾನೆ. ಮನೆದೇವರ ಮೂರ್ತಿಗಳನ್ನು ಅಪ್ಪನೇ ಹಿಡಿಯಬೇಕು, ಯಾಕೆಂದರೆ ಇವನ ಕೈಗೆ ರಕ್ತ ಮೆತ್ತಿದೆ, ಹರಿಯುವ ನೀರಿನಲ್ಲಿ ತೊಳೆಯುವವರೆಗೆ ಮುಟ್ಟುವ ಹಾಗಿಲ್ಲ. ಮಗ ಬಲಗೈ ಹಿಡಿದುಕೊಂಡು, ಅಪ್ಪನ ಹೆಜ್ಜೆಗೆ ಹೆಜ್ಜೆ ಸಾಲದೆ ಪುಟಪುಟನೆ ಬರುತ್ತಾನೆ. ಹೆಂಡತಿ ಕ್ರೆಯೂಸಾ ಹಿಂದೆ. ಆಗ ಈನಿಯಸ್ ತಾನೇ ಹೇಳಿಕೊಳ್ಳುತ್ತಾನೆ: ಸ್ವಲ್ಪ ಹೊತ್ತಿನ ಮುಂಚೆ ಗ್ರೀಕರ ಗುಂಪಿಗೇ ಹೆದರದವನು, ಈಗ ಗಾಳಿ ಬೀಸಿದರೆ, ಏನಾದರೂ ಸದ್ದಾದರೆ ಬೆಚ್ಚಿಬೀಳುತ್ತಿದ್ದೆ, ಜೊತೆಯವನಿಗಾಗಿಯೂ ಹೆದರಿಕೆ, ಹೊತ್ತ ಭಾರಕ್ಕಾಗಿಯೂ ಹೆದರಿಕೆ. ಹೆದರಿಕೆಯನ್ನು ವೀರನ ಲಕ್ಷಣವಾಗಿ ಮಾಡಿದ ಕವಿ ಇವನು. ಹೋಮರ್‌ನಲ್ಲೂ ವೀರರು ಹೆದರುತ್ತಾರೆ. ಇಲ್ಲಿ ಹೆದರುವುದೇ ಅವನ ಕೆಲಸವಾಗಿದೆ.

ಅಲ್ಲಿಯೂ ಬೆಲೆ ತೆರಬೇಕಾಯಿತು. ಊರ ಹೊರಗಿನ ಸಿರೀಸ್ ಗುಡಿಯ ದಿಬ್ಬ ಮುಟ್ಟುವವರೆಗೆ ಅವನು ಹಿಂದೆ ತಿರುಗಿ ನೋಡಲೇ ಇಲ್ಲ. ನೋಡಿದರೆ ಕ್ರೆಯೂಸಾ ಇಲ್ಲ. ಉರಿಯುವ ಊರಿಗೆ ಒಬ್ಬನೇ ವಾಪಸ್ ಓಡಿ ಹೆಸರು ಹಿಡಿದು ಕೂಗುತ್ತಾನೆ. ಸಿಕ್ಕಿದ್ದು ಅವಳ ನೆರಳು. ಮೂರು ಸಲ ತಬ್ಬಲು ಹೋಗುತ್ತಾನೆ, ಮೂರು ಸಲವೂ ಕೈಗೆ ಗಾಳಿ. ಅಪ್ಪ, ಮಗ, ದೇವರು ಮೂರನ್ನೂ ಉಳಿಸಿದ ಕರ್ತವ್ಯ ಹೆಂಡತಿಯನ್ನು ಕಳೆದುಕೊಂಡಿತು. ಈ ಲೆಕ್ಕ ಮುಂದೆ ಡೈಡೊಳ ವಿಷಯದಲ್ಲೂ ಹೀಗೇ ಬರುತ್ತದೆ. ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಕರ್ತವ್ಯ ಅಂದೆ. ಹೆತ್ತವರಿಗೆ, ದೇವರಿಗೆ, ತನ್ನ ಜನಕ್ಕೆ ಮನುಷ್ಯ ಸಲ್ಲಿಸಬೇಕಾದ್ದನ್ನು ರೋಮನ್ನರು ಪಿಯೆತಾಸ್ ಅನ್ನುತ್ತಿದ್ದರು. ವರ್ಜಿಲ್ ತನ್ನ ನಾಯಕನನ್ನು ಮತ್ತೆ ಮತ್ತೆ ಕರೆಯುವುದು ಆ ಗುಣದ ಹೆಸರಿನಲ್ಲೇ. ಇದು ಬರೀ ಮನೆಯೊಳಗಿನ ಗುಣವಾಗಿರಲಿಲ್ಲ, ಆ ಕಾಲದ ರಾಜಕೀಯವೂ ಆಗಿತ್ತು. ಕ್ರಿ.ಪೂ. 27ರಲ್ಲಿ, ಅಂತರ್ಯುದ್ಧ ಗೆದ್ದು ರೋಮ್ ಚಕ್ರವರ್ತಿಯಾದ ಆಕ್ಟೇವಿಯನ್‌ಗೆ ಅಗಸ್ಟಸ್ ಅನ್ನುವ ಬಿರುದು ಬಂತು. ಸೆನೆಟ್ ಸಭಾಂಗಣದಲ್ಲಿ ಅವನ ಗೌರವಕ್ಕೆ ಒಂದು ಚಿನ್ನದ ಗುರಾಣಿ ತೂಗುಹಾಕಿದರು. ಅದರ ಮೇಲೆ ನಾಲ್ಕು ಗುಣಗಳ ಹೆಸರು: ಶೌರ್ಯ, ಕ್ಷಮೆ, ನ್ಯಾಯ, ಪಿಯೆತಾಸ್. ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಅಗಸ್ಟಸ್‌ನ ಜೂಲಿಯನ್ ಮನೆತನ ತಾವು ಈನಿಯಸ್‌ನ ಮಗ ಯೂಲಸ್‌ನ ವಂಶ ಅಂತ ಹೇಳಿಕೊಳ್ಳುತ್ತಿತ್ತು. ಅಸ್ಕೇನಿಯಸ್‌ಗೇ ಇನ್ನೊಂದು ಹೆಸರು ಯೂಲಸ್.

ಹಾಗಾದರೆ ವರ್ಜಿಲ್ ಆಸ್ಥಾನದ ಭಟ್ಟಂಗಿಯೇ? ಅಷ್ಟು ಸುಲಭವಲ್ಲ. ಅವನು ಹುಟ್ಟಿದ್ದು ಕ್ರಿ.ಪೂ. 70ರಲ್ಲಿ, ಉತ್ತರ ಇಟಲಿಯ ಮಾಂಟುವಾ ಹತ್ತಿರ. ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧದ ನಂತರ ಗೆದ್ದವರು ತಮ್ಮ ಸೈನಿಕರಿಗೆ ಹಂಚಲು ರೈತರ ಜಮೀನು ಕಿತ್ತುಕೊಂಡರು, ಮಾಂಟುವಾ ಸುತ್ತಮುತ್ತಲೂ. ಕ್ರಿ.ಪೂ. 31ರ ಆಕ್ಟಿಯಂ ಕದನದವರೆಗೂ ರೋಮನ್ನರು ರೋಮನ್ನರನ್ನೇ ಕೊಂದರು. ಅವನ ಓದುಗರೆಲ್ಲ ಆ ರಕ್ತ ಕಂಡವರೇ. ಶಾಂತಿ ತಂದವನಿಗೆ ಕೃತಜ್ಞತೆ ಇತ್ತು. ಆ ಶಾಂತಿ ಯಾರ ಹೆಣಗಳ ಮೇಲೆ ಬಂತು ಅನ್ನುವ ನೆನಪೂ ಇತ್ತು. ಎರಡನ್ನೂ ಒಂದೇ ಕಾವ್ಯದಲ್ಲಿ ಇಟ್ಟ.

ಕನ್ನಡದ ಓದುಗರಿಗೆ ಇದು ತೀರಾ ಹೊಸದಲ್ಲ. ಪಂಪ 941ರಲ್ಲಿ ಭಾರತದ ಕಥೆ ಬರೆಯುವಾಗ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಾಗಿಸಿದ. ಹಾಗಿದ್ದೂ ಕೊನೆಗೆ ‘ನೆನೆಯದಿರಣ್ಣ’ ಅಂತ ಶುರುಮಾಡಿ, ಭಾರತದಲ್ಲಿ ಬೇರೆ ಯಾರನ್ನೂ ಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಅಂದ. ದೊರೆಗೆ ಗೆಲುವು ಕೊಟ್ಟು, ಮನಸ್ಸನ್ನು ಸೋತವನಿಗೆ ಕೊಡುವ ಜಾಣ್ಮೆ ಅದು. ವರ್ಜಿಲ್‌ನದೂ ಅದೇ ಜಾತಿ.

ಈಗ ಡೈಡೊ. ದೇವದೂತ ಮರ್ಕ್ಯುರಿ, ಇಟಲಿಗೆ ಹೊರಡು ಅನ್ನುವ ಜುಪಿಟರ್‌ನ ಅಪ್ಪಣೆ ಹೊತ್ತು ಕಾರ್ಥೇಜ್‌ಗೆ ಇಳಿದಾಗ ಈನಿಯಸ್ ಏನು ಮಾಡುತ್ತಿದ್ದ? ಕಟ್ಟಡ ಕೆಲಸದ ಮೇಲ್ವಿಚಾರಣೆ! ಡೈಡೊ ಚಿನ್ನದ ಎಳೆ ಹಾಕಿ ಮಾಡಿಕೊಟ್ಟ ನೇರಳೆಗೆಂಪು ಮೇಲುವಸ್ತ್ರ ಹೊದ್ದು, ರತ್ನದ ಕತ್ತಿ ಸಿಕ್ಕಿಸಿಕೊಂಡು ಬೇರೆಯವರ ಊರು ಕಟ್ಟಿಸುತ್ತಿದ್ದಾನೆ. ಆ ಊರೇ ಮುಂದೆ ರೋಮ್‌ನ ಬದ್ಧವೈರಿಯಾಗುತ್ತದೆ. ಅವನು ಅಲ್ಲಿ ಸುಖವಾಗಿದ್ದ ಅನ್ನುವುದನ್ನು ಕವಿ ಮುಚ್ಚಿಡುವುದಿಲ್ಲ. ಅಪ್ಪಣೆ ಕೇಳಿದ ಮೇಲೂ ಆ ನೆಲವನ್ನು ‘ಸಿಹಿಯಾದ ನೆಲ’ ಅನ್ನುತ್ತಾನೆ.

ಅಲ್ಲಿಂದ ಅವನು ಮಾಡಿದ್ದಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ಗುಟ್ಟಾಗಿ ಹಡಗು ಸಿದ್ಧಮಾಡಿ, ಒಳ್ಳೆ ಹೊತ್ತು ನೋಡಿ ಅವಳಿಗೆ ಹೇಳೋಣ ಅಂದುಕೊಳ್ಳುತ್ತಾನೆ. ಅವಳಿಗೆ ಮೊದಲೇ ಗೊತ್ತಾಗುತ್ತದೆ. ನಿನ್ನಿಂದ ಒಂದು ಮಗುವಾದರೂ ಆಗಿದ್ದರೆ, ನಿನ್ನ ಮುಖ ನೆನಪಿಸುವ ಪುಟ್ಟ ಈನಿಯಸ್ ಒಬ್ಬ ಅಂಗಳದಲ್ಲಿ ಆಡುತ್ತಿದ್ದರೆ, ಇಷ್ಟು ಅನಾಥಳಾಗುತ್ತಿರಲಿಲ್ಲ ಅನ್ನುತ್ತಾಳೆ. ಅದಕ್ಕೆ ಇವನ ಉತ್ತರ ಏನು? ನಾನು ಮದುವೆಯ ಪಂಜು ಹಿಡಿದೇ ಇರಲಿಲ್ಲ, ಅಂಥ ಕರಾರಿಗೆ ಬಂದೇ ಇರಲಿಲ್ಲ! ಕೋರ್ಟಿನಲ್ಲಿ ನಿಂತವನ ಮಾತು. ಆಮೇಲೆ ಸ್ವಲ್ಪ ನಿಜ ಹೊರಬೀಳುತ್ತದೆ. ನನ್ನ ಇಷ್ಟದಂತೆ ಬದುಕಲು ವಿಧಿ ಬಿಟ್ಟಿದ್ದರೆ ಮೊದಲು ಟ್ರಾಯ್‌ನಲ್ಲೇ ಇರುತ್ತಿದ್ದೆ, ರಾತ್ರಿ ರಾತ್ರಿ ಅಪ್ಪ ಕನಸಿನಲ್ಲಿ ಬರುತ್ತಾನೆ, ಮಗನಿಗೆ ಸಿಗಬೇಕಾದ್ದನ್ನು ನಾನು ತಪ್ಪಿಸುತ್ತಿದ್ದೇನೆ ಅನ್ನುತ್ತಾನೆ. ಕೊನೆಯ ಮಾತು ‘ಇಟಾಲಿಯಮ್ ನೋನ್ ಸ್ಪಾಂಟೆ ಸೆಕ್ವೊರ್’. ಇಟಲಿಯ ಹಿಂದೆ ನನ್ನ ಇಚ್ಛೆಯಿಂದ ಹೋಗುತ್ತಿಲ್ಲ.

ಆ ಸಾಲು ಅಲ್ಲಿಗೇ ನಿಲ್ಲುತ್ತದೆ, ಛಂದಸ್ಸು ತುಂಬಿಲ್ಲ. ಕಾವ್ಯದಲ್ಲಿ ಇಂಥ ಅರ್ಧ ಸಾಲುಗಳು 50ಕ್ಕೂ ಜಾಸ್ತಿ ಇವೆ, ವರ್ಜಿಲ್ ತಿದ್ದಿ ಮುಗಿಸುವ ಮೊದಲೇ ಕ್ರಿ.ಪೂ. 19ರಲ್ಲಿ ಬ್ರುಂಡಿಸಿಯಂನಲ್ಲಿ ತೀರಿಕೊಂಡ. ಕಾವ್ಯ ಸುಟ್ಟುಬಿಡಿ ಅಂತ ಅವನು ಕೇಳಿಕೊಂಡಿದ್ದನಂತೆ. ಅಗಸ್ಟಸ್ ಬಿಡಲಿಲ್ಲ, ವಾರಿಯಸ್ ಮತ್ತು ಟುಕ್ಕಾ ಎಂಬ ಗೆಳೆಯರು ಸಂಪಾದಿಸಿ ಹೊರತಂದರು. ಉಳಿದ ಅರ್ಧ ಸಾಲುಗಳೇನೋ ಸರಿ, ಈ ಒಂದನ್ನು ಮಾತ್ರ ಅವನು ಬೇಕೆಂದೇ ಹಾಗೆ ಬಿಟ್ಟಿರಬೇಕು ಅನ್ನುವುದು ನನ್ನ ಅನಿಸಿಕೆ. ಅದಕ್ಕಿಂತ ಮುಂದೆ ಹೇಳಲು ಅವನಿಗೆ ಏನು ಉಳಿದಿತ್ತು?

ಡೈಡೊ ಶಾಪ ಹಾಕಿ, ಮೂರ್ಛೆ ಬಿದ್ದು, ದಾಸಿಯರು ಎತ್ತಿಕೊಂಡು ಹೋದ ಮೇಲೆ ಕವಿ ಹೇಳುತ್ತಾನೆ: ಕರ್ತವ್ಯನಿಷ್ಠ ಈನಿಯಸ್, ಅವಳನ್ನು ಸಮಾಧಾನ ಮಾಡಬೇಕೆಂದು ಆಸೆಪಟ್ಟರೂ, ನರಳುತ್ತಾ, ಪ್ರೀತಿಯಿಂದ ಅಲುಗಿಹೋಗಿದ್ದರೂ, ದೇವರ ಅಪ್ಪಣೆಯಂತೆ ಹಡಗಿನ ಕಡೆ ನಡೆದ. ಆ ವಿಶೇಷಣ ಆ ಜಾಗದಲ್ಲಿ ಬಂದಿರುವುದು ಓದುಗರ ಹೊಟ್ಟೆ ಉರಿಸುತ್ತದೆ. ಉರಿಯಲಿ ಅಂತಲೇ ಹಾಕಿದ್ದಾನೆ ಅಂತ ನನ್ನ ನಂಬಿಕೆ. ಕರ್ತವ್ಯ ಚಂದವಾಗಿ ಕಾಣುವ ಸಮಯದಲ್ಲಿ ಹೊಗಳುವುದು ಯಾವ ಕವಿಗೂ ಸುಲಭ. ಅದು ಇಷ್ಟು ಕುರೂಪವಾಗಿ ಕಂಡಾಗಲೂ ಕರ್ತವ್ಯ ಅಂತಲೇ ಕರೆಯುತ್ತಾನೆ, ಕುರೂಪವನ್ನೂ ಮುಚ್ಚುವುದಿಲ್ಲ.

ಆರನೇ ಸರ್ಗದಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಪಾತಾಳದಲ್ಲಿ ಅವಳ ನೆರಳು ಎದುರಾದಾಗ ಈನಿಯಸ್ ಅತ್ತು ಹೇಳುತ್ತಾನೆ, ನಿನ್ನ ದಡವನ್ನು ಮನಸ್ಸಿಲ್ಲದೆ ಬಿಟ್ಟೆ ರಾಣಿ ಅಂತ. ಈಗ ಮಾತಿನ ಸರದಿ ಅವನದು, ಮೌನದ ಸರದಿ ಅವಳದು. ಅವಳು ಕಲ್ಲಿನಂತೆ ನಿಂತು, ನೆಲ ನೋಡಿ, ತಿರುಗಿ ತನ್ನ ಮೊದಲ ಗಂಡ ಸಿಕೇಯಸ್ ಹತ್ತಿರ ಹೋಗಿಬಿಡುತ್ತಾಳೆ. ರೋಮ್‌ನ ಭವಿಷ್ಯವೆಲ್ಲ ಗೊತ್ತಿರುವ ಕಾವ್ಯದಲ್ಲಿ ಅವಳಿಗೆ ಕೊಡಲು ಒಂದು ಉತ್ತರವೂ ಇಲ್ಲ.

ಅದೇ ಪಾತಾಳದಲ್ಲಿ ಅಪ್ಪ ಆಂಕೈಸಿಸ್ ಮುಂದೆ ಹುಟ್ಟಲಿರುವ ರೋಮನ್ನರ ಸಾಲು ತೋರಿಸಿ ಅವರ ಕಸುಬು ಏನೆಂದು ಹೇಳುತ್ತಾನೆ. ಕಂಚಿನ ಮೂರ್ತಿ, ಅಮೃತಶಿಲೆಯ ಮುಖ ಬೇರೆಯವರು ಚೆನ್ನಾಗಿ ಮಾಡಲಿ. ರೋಮನ್ನನೇ, ನೀನು ಜನಾಂಗಗಳನ್ನು ಆಳುವುದನ್ನು ನೆನಪಿಡು, ಶರಣಾದವರನ್ನು ಉಳಿಸು, ಸೊಕ್ಕಿದವರನ್ನು ಮುರಿ. ಇದಕ್ಕಿಂತ ಸ್ಪಷ್ಟವಾದ ಆದೇಶ ಕಾವ್ಯದಲ್ಲಿ ಇನ್ನೊಂದಿಲ್ಲ.

ಹಾಗಾದರೆ ಕೊನೆಯ ದೃಶ್ಯ? ಟರ್ನಸ್ ತೊಡೆಗೆ ಈಟಿ ತಗುಲಿ ಮೊಣಕಾಲೂರಿ ಬಿದ್ದಿದ್ದಾನೆ. ಸೋತೆ, ಎಲ್ಲರೂ ನೋಡಿದ್ದಾರೆ, ಲವೀನಿಯಾ ನಿನ್ನವಳು, ನಿನಗೂ ಒಬ್ಬ ಅಪ್ಪ ಇದ್ದ, ನನ್ನ ಮುದಿ ಅಪ್ಪನಿಗೆ ಕರುಣೆ ತೋರು, ಹಗೆಯನ್ನು ಇನ್ನೂ ಬೆಳೆಸಬೇಡ ಅನ್ನುತ್ತಾನೆ. ಈನಿಯಸ್ ಕಣ್ಣು ಆಡಿಸುತ್ತಾ ಕೈ ತಡೆದು ನಿಲ್ಲುತ್ತಾನೆ. ಮನಸ್ಸು ಕರಗತೊಡಗುತ್ತದೆ. ಆಗ ಟರ್ನಸ್‌ನ ಹೆಗಲ ಮೇಲಿನ ಪಟ್ಟಿ ಕಣ್ಣಿಗೆ ಬೀಳುತ್ತದೆ. ಅದು ಪಲ್ಲಾಸ್‌ನದು, ಎವಾಂಡರ್ ಎಂಬ ಮುದಿ ರಾಜ ನಂಬಿ ಈನಿಯಸ್ ಕೈಗೆ ಒಪ್ಪಿಸಿದ ಹುಡುಗನದು. ಟರ್ನಸ್ ಅವನನ್ನು ಕೊಂದು ಪಟ್ಟಿ ಬಿಚ್ಚಿ ತಾನೇ ಹಾಕಿಕೊಂಡಿದ್ದ. ಈನಿಯಸ್ ಉರಿದೇಳುತ್ತಾನೆ, ನಿನ್ನನ್ನು ಬಲಿ ಕೊಡುತ್ತಿರುವವನು ಪಲ್ಲಾಸ್ ಅನ್ನುತ್ತಾ ಎದೆಗೆ ಕತ್ತಿ ಇಳಿಸುತ್ತಾನೆ. ಟರ್ನಸ್‌ನ ಪ್ರಾಣ ನರಳಿ, ಅಸಮಾಧಾನದಿಂದ ನೆರಳ ಲೋಕಕ್ಕೆ ಹೋಗುತ್ತದೆ. ಕಾವ್ಯ ಮುಗಿಯಿತು. ಮದುವೆ ಇಲ್ಲ, ಊರು ಕಟ್ಟುವುದಿಲ್ಲ, ಹೆಣ ವಾಪಸ್ ಕೊಡುವುದೂ ಇಲ್ಲ. ಅಕಿಲೀಸ್ ಆದರೂ ಹೆಕ್ಟರ್‌ನ ಹೆಣವನ್ನು ಅವನ ಅಪ್ಪನಿಗೆ ಕೊಟ್ಟ.

ಅವನ ಪರ ವಾದವೂ ಇದೆ. ಮಗನ ಹೆಣ ನೋಡಿದ ಎವಾಂಡರ್ ಹನ್ನೊಂದನೇ ಸರ್ಗದಲ್ಲಿ ಹೇಳಿಕಳಿಸಿದ್ದ, ನಿನ್ನ ಬಲಗೈ ನನಗೆ ಟರ್ನಸ್‌ನ ಸಾವು ಬಾಕಿ ಇದೆ ಅಂತ. ಕೊಟ್ಟ ಮಾತಿನ ಸೇಡು ತೀರಿಸುವುದೂ ರೋಮನ್ನರ ಕಣ್ಣಿನಲ್ಲಿ ಪಿಯೆತಾಸ್. ಅಗಸ್ಟಸ್ ತನ್ನ ಸಾಕುತಂದೆ ಸೀಸರ್‌ನ ಕೊಲೆಗೆ ಸೇಡು ತೀರಿಸಲು ಹೊರಟಾಗ, ಸೇಡಿನ ದೇವರಾದ ಮಾರ್ಸ್‌ಗೆ ಗುಡಿ ಹರಕೆ ಹೊತ್ತಿದ್ದ. ಅಂದರೆ ಇಲ್ಲಿ ಎರಡು ಕರ್ತವ್ಯಗಳು ಡಿಕ್ಕಿ ಹೊಡೆಯುತ್ತವೆ. ಎವಾಂಡರ್‌ಗೆ ಸಲ್ಲಬೇಕಾದದ್ದು ಒಂದು, ಸ್ವಂತ ಅಪ್ಪ ಹೇಳಿದ್ದು ಇನ್ನೊಂದು. ಗುರಾಣಿಯ ಮೇಲಿನ ಎರಡನೇ ಗುಣ ಇಲ್ಲಿ ಕೈಗೆ ಸಿಕ್ಕಿಯೂ ಜಾರಿಹೋಗುತ್ತದೆ.

ನಿಮ್ಮ ಪ್ರಶ್ನೆಗೆ ಬೇಕಾದ ಮುಖ್ಯ ಸಂಗತಿ ಇರುವುದು ಇಲ್ಲೇ. ಟರ್ನಸ್‌ನ ದಿನ ಮುಗಿಯಿತು ಅಂತ ಜುಪಿಟರ್ ಹತ್ತನೇ ಸರ್ಗದಲ್ಲಿ ಹೇಳಿದ್ದು ನಿಜ. ಆದರೆ ಕತ್ತಿ ಎತ್ತಿ ನಿಂತ ಆ ಗಳಿಗೆಯಲ್ಲಿ ಕೊಲ್ಲು ಅಂತ ಹೇಳಲು ಯಾರೂ ಬರುವುದಿಲ್ಲ. ಮರ್ಕ್ಯುರಿ ಇಲ್ಲ, ಕನಸಿಲ್ಲ, ಅಪ್ಪನ ಆತ್ಮವಿಲ್ಲ. ಜೂನೊ ಆಗಲೇ ರಾಜಿಯಾಗಿ ಹೋಗಿದ್ದಾಳೆ. ಇಷ್ಟು ದೂರ ಅಪ್ಪಣೆಯ ಮೇಲೆ ನಡೆದವನು ಮೊದಲ ಬಾರಿ ಒಬ್ಬನೇ ನಿಂತಿದ್ದಾನೆ. ‘ನನ್ನ ಇಚ್ಛೆಯಿಂದ ಅಲ್ಲ’ ಅಂತ ಇಲ್ಲಿ ಹೇಳುವಂತಿಲ್ಲ. ಅವನಿಗೆ ಸ್ವಂತ ಇಚ್ಛೆಯೇ ಇಲ್ಲ ಅಂದಿರಿ. ಇದ್ದಾಗ ಏನು ಮಾಡಿದ ಅನ್ನುವುದನ್ನೂ ವರ್ಜಿಲ್ ತೋರಿಸಿದ್ದಾನೆ. ಮೆಚ್ಚುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗಂತೂ ಅವನು ಇಲ್ಲಿ ಸೋತ ಅನ್ನಿಸುತ್ತದೆ, ಆ ಸೋಲಿನಿಂದಲೇ ಮನುಷ್ಯ ಅಂತಲೂ ಅನ್ನಿಸುತ್ತದೆ. ಈ ಕೊನೆ ಸಹಿಸಲಾಗದೆ 1428ರಲ್ಲಿ ಮಾಫೆಯೊ ವೆಜಿಯೊ ಎಂಬ ಇಟಲಿಯ ತರುಣ ಹದಿಮೂರನೇ ಸರ್ಗವನ್ನೇ ಬರೆದು ಸೇರಿಸಿದ. ಟರ್ನಸ್‌ನ ಅಂತ್ಯಕ್ರಿಯೆ, ಮದುವೆ, ಈನಿಯಸ್‌ನ ಸ್ವರ್ಗಾರೋಹಣ ಎಲ್ಲ ಅದರಲ್ಲಿದೆ. ಲ್ಯಾಟಿನ್ ಚೆನ್ನಾಗಿದೆ, ಕಥೆ ಸಪ್ಪೆ.

ಬೇರೆ ರೋಮನ್ ಮಹಾಕಾವ್ಯಗಳ ಬಗ್ಗೆ ಕೇಳಿದ್ದೀರಿ. ಸಿಲಿಯಸ್ ಇಟಾಲಿಕಸ್, ಕಾರ್ಥೇಜ್ ಸೇನಾಪತಿ ಹ್ಯಾನಿಬಲ್ ಜೊತೆಗಿನ ಯುದ್ಧದ ಮೇಲೆ 17 ಸರ್ಗ ಬರೆದ, 12,000ಕ್ಕೂ ಹೆಚ್ಚು ಸಾಲು. ತಾಳ್ಮೆ ಇದ್ದರೆ ಓದಿ. ಸ್ಟೇಷಿಯಸ್ ಥೀಬ್ಸ್‌ನ ಅಣ್ಣತಮ್ಮಂದಿರ ಜಗಳದ ಮೇಲೆ 12 ಸರ್ಗ ಬರೆದು, ಕೊನೆಯಲ್ಲಿ ತನ್ನ ಕಾವ್ಯಕ್ಕೇ ‘ಈನೀಡನ್ನು ದೂರದಿಂದ ಹಿಂಬಾಲಿಸು’ ಅಂತ ಬುದ್ಧಿ ಹೇಳಿದ.

ನಿಮಗೆ ಹಿಡಿಸುವವನು ಲ್ಯೂಕನ್ ಇರಬೇಕು. ಕ್ರಿ.ಶ. 39ರಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿದವನು, ಸೆನೆಕಾನ ತಮ್ಮನ ಮಗ. ನೀರೊ ಚಕ್ರವರ್ತಿಯ ವಿರುದ್ಧದ ಪಿತೂರಿಯಲ್ಲಿ ಸಿಕ್ಕಿಬಿದ್ದು 65ರಲ್ಲಿ, 25ನೇ ವಯಸ್ಸಿಗೆ, ಅಪ್ಪಣೆಯ ಮೇರೆಗೆ ಸತ್ತ. ಸೀಸರ್ ಮತ್ತು ಪಾಂಪೆಯ ಅಂತರ್ಯುದ್ಧದ ಬಗ್ಗೆ ಅವನ ಕಾವ್ಯ ಹತ್ತನೇ ಸರ್ಗದಲ್ಲಿ ಅರ್ಧಕ್ಕೇ ನಿಂತಿದೆ. ಅದರಲ್ಲಿ ಜುಪಿಟರ್, ವೀನಸ್ ಯಾರೂ ಬಂದು ಮಾತಾಡುವುದಿಲ್ಲ. ಗೆದ್ದ ಪಕ್ಷ ದೇವರುಗಳಿಗೆ ಇಷ್ಟವಾಯಿತು, ಸೋತ ಪಕ್ಷ ಕೇಟೊಗೆ ಅನ್ನುವ ಸಾಲು ಅವನದೇ. ಒಂಬತ್ತನೇ ಸರ್ಗದಲ್ಲಿ ಸೀಸರ್ ವಿರೋಧಿಯಾದ ಆ ಕೇಟೊ ಲಿಬಿಯಾದ ಮರಳುಗಾಡಿನಲ್ಲಿ ಸೈನ್ಯ ನಡೆಸುತ್ತಾನೆ. ಒಬ್ಬ ಸೈನಿಕ ಹೇಗೋ ಸ್ವಲ್ಪ ನೀರು ಹುಡುಕಿ ಶಿರಸ್ತ್ರಾಣದಲ್ಲಿ ತಂದುಕೊಡುತ್ತಾನೆ. ಎಲ್ಲರೂ ಬಾಯಾರಿದಾಗ ನಾನೊಬ್ಬನೇ ಕುಡಿಯಬೇಕೇ ಅಂತ ಬೈದು ಚೆಲ್ಲಿಬಿಡುತ್ತಾನೆ. ದಾರಿಯಲ್ಲಿ ಅಮ್ಮೋನ್ ದೇವರ ಗುಡಿ ಸಿಗುತ್ತದೆ, ಭವಿಷ್ಯ ಕೇಳೋಣ ಅನ್ನುತ್ತಾರೆ. ಅವನು ಕೇಳುವುದಿಲ್ಲ. ಹೇಡಿಯೂ ಸಾಯಬೇಕು, ಶೂರನೂ ಸಾಯಬೇಕು, ದೇವರು ಅಷ್ಟು ಹೇಳಿರುವುದೇ ಸಾಕು ಅನ್ನುತ್ತಾನೆ. ವಿಧಿಯನ್ನು ವಿಚಾರಿಸಲೂ ಒಪ್ಪದ ಕರ್ತವ್ಯ ಇದು. ಈನಿಯಸ್‌ಗೆ ಇರುವ ಅಳು ಕೇಟೊಗೆ ಇಲ್ಲ. ಅದಕ್ಕೇ ನನಗೆ ಅವನ ಮೇಲೆ ಗೌರವ ಜಾಸ್ತಿ, ಪ್ರೀತಿ ಕಡಿಮೆ.

ಅನುವಾದದಲ್ಲಾದರೂ ಆ ಒಂಬತ್ತನೇ ಸರ್ಗ ಓದಿ. ಅದರ ಎರಡನೇ ಅರ್ಧದಲ್ಲಿ ಮರಳುಗಾಡಿನ ಹಾವುಗಳು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕಚ್ಚಿ ಸಾಯಿಸುವ ವರ್ಣನೆ ನೂರಾರು ಸಾಲು ಇದೆ. ಊಟದ ಹೊತ್ತಿಗೆ ಮಾತ್ರ ಅದನ್ನು ತೆರೆಯಬೇಡಿ.